ಪದಚರ್ಚೆ: ಅಕ್ವೇರಿಯಂನ ‘ರೆಫ್ಯೂಜಿಯಂ’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ, ಮಡಿಕೇರಿಯಿಂದ

ಮಾನ್ಯರೇ,

ನಾಡಿದ್ದು ಬೋರ್ಡು ಬರೆಯುವವರು ಬರುತ್ತಾರೆ. ಅಷ್ಟರೊಳಗೆ ನನಗೊಂದು ಪದ ಬೇಕಾಗಿದೆ.

ನಮ್ಮ ಹೋಂಸ್ಟೇಯ ಹಜಾರದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಡಿಯ ಕಪಾಟಿನೊಳಗೆ ಸಂಪು ಇದೆ. ಮೇಲಿನ ತೊಟ್ಟಿಯಿಂದ ಹೊರಚೆಲ್ಲುವ ನೀರು ಪೈಪಿನಲ್ಲಿಳಿದು ಅಲ್ಲಿಗೆ ಬರುತ್ತದೆ, ಪಂಪು ಅದನ್ನು ಮರಳಿ ಮೇಲಕ್ಕೆ ಕಳುಹಿಸುತ್ತದೆ. ಈಗ ಇದೇ ನೀರಿನ ಸುತ್ತಿಗೆ ಮೂರನೆಯದೊಂದು ಗಾಜಿನ ತೊಟ್ಟಿಯನ್ನು ಸೇರಿಸಿದ್ದೇವೆ. ಪಂಪಿನಿಂದ ಮೇಲೇರುವ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಅರ್ಧ ಇಂಚಿನ ಕವಲು ತೆಗೆದು, ಬಾಲ್ ವಾಲ್ವಿನಿಂದ ಹರಿವನ್ನು ತಗ್ಗಿಸಿ ಈ ತೊಟ್ಟಿಗೆ ನೀರು ಬಿಟ್ಟಿದ್ದೇವೆ. ಇನ್ನೊಂದು ಬದಿಯಲ್ಲಿ ಗಾಜು ಕೊರೆದು ಟ್ಯಾಂಕ್ ನಿಪ್ಪಲ್ ಕೂರಿಸಿರುವುದರಿಂದ ನೀರು ಒಂದು ಇಂಚಿನ ಪೈಪಿನಲ್ಲಿ ತಾನಾಗಿಯೇ ಸಂಪಿಗೆ ಇಳಿಯುತ್ತದೆ. ಈ ತೊಟ್ಟಿಯಲ್ಲಿ ಮೀನು ಇರುವುದಿಲ್ಲ. ಕೀಟೋಮಾರ್ಫಾ ಎಂಬ ಕಡಲ ಪಾಚಿ ಇದರಲ್ಲಿ ಬೆಳೆಯುತ್ತ ನೀರಿನ ನೈಟ್ರೇಟನ್ನೂ ಫಾಸ್ಫೇಟನ್ನೂ ಹೀರಿಕೊಳ್ಳುತ್ತದೆ. ಅದರ ಎಳೆಗಳ ನಡುವೆ ಕೋಪೆಪಾಡ್, ಆಂಫಿಪಾಡ್ ಮುಂತಾದ, ಸೀಗಡಿಯ ಬಳಗಕ್ಕೆ ಸೇರಿದ ಅತಿ ಸಣ್ಣ ಜೀವಿಗಳು ಮೀನಿನ ಬಾಯಿಗೆ ಸಿಗದೆ ವಂಶ ಬೆಳೆಸುತ್ತವೆ. ಇದನ್ನೇ ಇಂಗ್ಲಿಷಿನಲ್ಲಿ ರೆಫ್ಯೂಜಿಯಂ ಎನ್ನುತ್ತಾರೆ.

ಬೋರ್ಡು ಎರಡು ಬೇಕು. ಒಂದು ಅತಿಥಿಗಳಿಗೆ. ಹಜಾರದ ದೀಪ ಆರಿದ ಮೇಲೆ ಈ ತೊಟ್ಟಿಯ ದೀಪ ಉರಿಯಲು ಶುರುವಾಗುತ್ತದೆ. ಕತ್ತಲಲ್ಲಿ ಮೀನು, ಹವಳಗಳೆಲ್ಲ ಬಿಡುವ ಇಂಗಾಲದ ಡೈಆಕ್ಸೈಡನ್ನು ಪಾಚಿ ಬಳಸಿಕೊಂಡರೆ ರಾತ್ರಿಯ ಹೊತ್ತು ನೀರಿನ ಪಿಎಚ್ ಹೆಚ್ಚು ಇಳಿಯುವುದಿಲ್ಲ. ಇದನ್ನು ತಿಳಿಯದ ಅತಿಥಿಗಳು, ಪಾಪ, ಕರೆಂಟು ಉಳಿಸುವ ಒಳ್ಳೆಯ ಮನಸ್ಸಿನಿಂದಲೇ ಸ್ವಿಚ್ಚು ಆರಿಸಿ ಮಲಗುತ್ತಾರೆ. ಇನ್ನೊಂದು ಬೋರ್ಡು ನಮ್ಮ ಕೆಲಸದವರಿಗೆ: ಪಾಚಿ ಸಿಕ್ಕಿ ಇಳಿಯುವ ಪೈಪು ಕಟ್ಟಿಕೊಂಡರೆ ಮೊದಲು ಯಾವುದನ್ನು ಮುಚ್ಚಬೇಕೆಂದು ಓದಿದ ಕೂಡಲೇ ತಿಳಿಯಬೇಕು. ತೊಟ್ಟಿಗೆ, ಇಳಿಯುವ ಪೈಪಿಗೆ, ವಾಲ್ವಿಗೆ ಪದಗಳನ್ನು ಸೂಚಿಸಬೇಕೆಂದು ಕೋರುತ್ತೇನೆ.

ಉತ್ತರ, ಕುಶಾಲನಗರದಿಂದ

ಇದಕ್ಕೆ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ. ಕಾವೇರಿಯ ದಂಡೆಯಲ್ಲಿ ವಾಲ್ನೂರಿನಲ್ಲಿರುವುದು, ಕೆಳಗೆ ರಾಮನಾಥಪುರದಲ್ಲಿರುವುದು, ಎರಡನ್ನೂ ಜನ ಮತ್ಸ್ಯಧಾಮವೆಂದೇ ಕರೆಯುತ್ತಾರೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿಗಳ ಅರಣ್ಯ ಇಲಾಖೆಯ ಫಲಕಗಳಲ್ಲಿಯೂ ಧಾಮವೆಂಬ ಪದವೇ ಇದೆ. ‘ಕಿರು ಮತ್ಸ್ಯಧಾಮ’ ಎಂದು ಬರೆಸಿ, ಕೆಲಸ ಮುಗಿಸಿ.

ಉತ್ತರ, ವಿರಾಜಪೇಟೆಯಿಂದ (ನಿವೃತ್ತ ಕನ್ನಡ ಅಧ್ಯಾಪಕರು)

ಮೇಲಿನ ಸಲಹೆ ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ವಾಲ್ನೂರಿನಲ್ಲಿ ಕಾಪಾಡುವುದು ಬಿಳಿಮೀನನ್ನು. ಈ ತೊಟ್ಟಿಯಲ್ಲಿ ಕಾಪಾಡುವುದು ಮೀನಿನಿಂದ. ವಿಭಕ್ತಿ ಬದಲಾದರೆ ಪದವೂ ಬದಲಾಗಬೇಕು.

ಲ್ಯಾಟಿನಿನ ಮೂಲ ಪದಕ್ಕೆ ಓಡಿಹೋಗಿ ಸೇರಿಕೊಳ್ಳುವ ತಾಣವೆಂದು ಅರ್ಥ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಧಾತು ಸಾವಿರ ವರ್ಷದಿಂದ ಬಳಕೆಯಲ್ಲಿದೆ. ‘ಮಱೆವೊಗು’ ಎಂದರೆ ರಕ್ಷಣೆ ಬೇಡಿ ಒಳಹೊಗುವುದು. ಮರೆಹೊಕ್ಕವರನ್ನು ಕಾಯುವುದು ಅರಸನ ಬಿರುದಿಗೆ ತಕ್ಕ ಗುಣವಾಗಿತ್ತು. ಶಕಟರೇಫ, ಅಂದರೆ ಹಳಗನ್ನಡದ ‘ಱ’ ಅಕ್ಷರ, ಬಿದ್ದುಹೋದ ಮೇಲೆ ಉಳಿದಿರುವುದು ‘ಮರೆ’. ಆದ್ದರಿಂದ ಈ ತೊಟ್ಟಿಗೆ ‘ಮರೆದೊಟ್ಟಿ’ ಎನ್ನತಕ್ಕದ್ದು. ಆದೇಶಸಂಧಿಯಿಂದ ತಕಾರಕ್ಕೆ ದಕಾರ ಬಂದಿದೆ. ಸಂಧಿ ಮಾಡದೆ ‘ಮರೆತೊಟ್ಟಿ’ ಎಂದು ಬರೆದರೆ ಯಾರೋ ಮರೆತುಬಿಟ್ಟ ತೊಟ್ಟಿಯೆಂದು ಓದುವವರು ಇರುತ್ತಾರೆ. ವಾಲ್ವಿಗೆ ಶಾಲೆಯ ಪಠ್ಯಗಳಲ್ಲಿ ಹೃದಯದ ಪಾಠದಿಂದಲೇ ‘ಕವಾಟ’ ಎಂಬ ಪದವಿದೆ. ಪೈಪಿಗೆ ‘ಕೊಳವೆ’. ಇವುಗಳ ಬಗ್ಗೆ ಚರ್ಚೆಯೇ ಅನಗತ್ಯ.

ಉತ್ತರ, ಸೋಮವಾರಪೇಟೆಯಿಂದ

ಮೇಷ್ಟ್ರೇ, ಮರೆಯೆಂದರೆ ಕಣ್ಣಿಗೆ ಕಾಣದ್ದು. ರಾತ್ರಿಯಿಡೀ ದೀಪ ಉರಿಯುವ, ಅತಿಥಿಗಳು ಎದುರು ನಿಂತು ನೋಡುವ ಗಾಜಿನ ತೊಟ್ಟಿಯನ್ನು ಮರೆಯೆಂದರೆ ಯಾರು ಒಪ್ಪುತ್ತಾರೆ?

ನನ್ನ ಸಲಹೆ ‘ಮಡು’. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮೀನುಗಳು ಉಳಿದುಕೊಳ್ಳುವುದು ಮಡುವಿನಲ್ಲಿ. ಮಳೆ ಬಂದೊಡನೆ ಅಲ್ಲಿಂದಲೇ ಇಡೀ ಹೊಳೆಗೆ ಮತ್ತೆ ಹರಡಿಕೊಳ್ಳುತ್ತವೆ. ನಿಮ್ಮ ತೊಟ್ಟಿಯಿಂದ ಕೋಪೆಪಾಡುಗಳು ನೀರಿನೊಡನೆ ಸಂಪಿಗಿಳಿದು ಪಂಪಿನ ಮೂಲಕ ಮುಖ್ಯ ತೊಟ್ಟಿಗೆ ಸೇರುವುದೂ ಇದೇ ಕ್ರಮದಲ್ಲಿ. ಜೀವಶಾಸ್ತ್ರದಲ್ಲಿ ಇಂಗ್ಲಿಷ್ ಪದವನ್ನು ಬಳಸುವುದೂ ಈ ಅರ್ಥದಲ್ಲಿಯೇ: ಕೆಟ್ಟ ಕಾಲದಲ್ಲಿ ಜೀವಸಂಕುಲವೊಂದು ಉಳಿದುಕೊಂಡು ಮತ್ತೆ ಹೊರಡುವ ನೆಲೆ. ಮಡು ಹಿಡಿಸದಿದ್ದರೆ ‘ಆಸರೆ ತೊಟ್ಟಿ’ ಎನ್ನಿ, ಅದೂ ಅಚ್ಚಗನ್ನಡವೇ.

ಇಳಿಯುವ ಪೈಪಿನ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ಅದು ‘ಕೋಡಿ’. ಕೆರೆ ತುಂಬಿ, ಏರಿ ಒಡೆಯದಂತೆ, ಹೆಚ್ಚಾದ ನೀರು ತಾನಾಗಿಯೇ ಹೊರಗೆ ಹೋಗುವ ಜಾಗಕ್ಕೆ ನಮ್ಮ ಹಿರಿಯರಿಟ್ಟ ಹೆಸರದು. ಕುಂದಾಪುರದ ಕೋಡಿ, ಕೋಡಿಬೆಂಗ್ರೆ ಮುಂತಾದ ಕಡಲಂಚಿನ ಊರುಗಳಲ್ಲಿಯೂ ಇದೇ ಪದವಿದೆ. ಎರಡಕ್ಕೂ ‘ಕೊನೆ, ಅಂಚು’ ಎಂಬುದೇ ಮೂಲಾರ್ಥವೆಂದು ನನ್ನ ನಂಬಿಕೆ. ಸಹ್ಯಾದ್ರಿಯ ಅಂಚಿನಲ್ಲಿರುವ ನಮ್ಮ ಕೊಡಗಿನ ಹೆಸರನ್ನೂ ಇದರ ಜೊತೆಗಿಟ್ಟು ನೋಡಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ.

ಉತ್ತರ, ಮೈಸೂರಿನಿಂದ

ಕೋಡಿಯಲ್ಲಿ ದೀರ್ಘ, ಕೊಡಗಿನಲ್ಲಿ ಹ್ರಸ್ವ. ಯೋಚನೆಯನ್ನು ಅಲ್ಲಿಗೇ ನಿಲ್ಲಿಸಬಹುದು.

‘ಆಸರೆ’ ಅಚ್ಚಗನ್ನಡವಲ್ಲ, ‘ಆಶ್ರಯ’ದ ತದ್ಭವ. ಆದರೆ ತದ್ಭವವಾದ್ದರಿಂದಲೇ ಅದು ಇಲ್ಲಿ ಅನುಕೂಲ. ತತ್ಸಮಕ್ಕೆ ಕನ್ನಡ ಪದವನ್ನು ಜೋಡಿಸುವುದನ್ನು 13ನೆಯ ಶತಮಾನದಲ್ಲಿ ವೈಯಾಕರಣ ಕೇಶಿರಾಜನು ಅರಿಸಮಾಸವೆಂದು ಹೆಸರಿಸಿ, ಬಿರುದಾವಳಿಗಳಂಥ ಕಡೆ ಮಾತ್ರ ವಿನಾಯಿತಿ ಕೊಟ್ಟನು. ‘ಆಶ್ರಯತೊಟ್ಟಿ’ ಎಂದರೆ ಅರಿಸಮಾಸ, ‘ಆಸರೆ ತೊಟ್ಟಿ’ ಎಂದರೆ ಯಾವ ದೋಷವೂ ಇಲ್ಲ. ಅಧ್ಯಾಪಕರು ‘ಕವಾಟ’ವನ್ನು ಸೂಚಿಸಿದ್ದಾರೆ, ಅದು ಶುದ್ಧ ಸಂಸ್ಕೃತ. ತೊಟ್ಟಿಗೆ ಹಳಗನ್ನಡ ಬೇಕು, ವಾಲ್ವಿಗೆ ಸಂಸ್ಕೃತವಾದರೂ ನಡೆಯುತ್ತದೆ ಎಂಬ ನಿಯಮ ಯಾವ ವ್ಯಾಕರಣದಲ್ಲಿದೆ?

ಉತ್ತರ, ಗೋಣಿಕೊಪ್ಪಲಿನಿಂದ

ನಾನು ಭಾಷಾಪಂಡಿತನಲ್ಲ. ಆದರೆ ನಮ್ಮ ತೋಟದಲ್ಲಿ ಹೂಮಳೆ ತಡವಾದ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಿಡಿಯುವಾಗ ಪೈಪು ಜೋಡಿಸುವವರ ಜೊತೆಯಲ್ಲೇ ನಿಂತಿರುತ್ತೇನೆ; ಮನೆಯಲ್ಲಿ ಅಕ್ವೇರಿಯಂ ಕೂಡ ಇದೆ. ಆದ್ದರಿಂದ ಎರಡನೆಯ ಬೋರ್ಡಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಪ್ರಶ್ನೆ ಕೇಳಿದವರ ಸಂಪು ಕಪಾಟಿನೊಳಗಿದೆ. ‘ಕವಾಟವನ್ನು ಮುಚ್ಚಿ’ ಎಂದು ಬರೆದರೆ ಅವರ ಕೆಲಸದವರು ಕಪಾಟಿನ ಬಾಗಿಲು ಮುಚ್ಚಿ ಹೋಗುತ್ತಾರೆ, ನೆಲದ ತುಂಬ ನೀರಾಗುತ್ತದೆ. ತೋಟದ ಲೈನಿನಲ್ಲಿರುವ ಯಾವನೂ ವಾಲ್ವನ್ನು ವಾಲ್ವು ಎಂದಲ್ಲದೆ ಬೇರೆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಗೇಟ್ ವಾಲ್ವು, ಫುಟ್‌ವಾಲ್ವು, ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು), ಎಲ್ಬೋ, ಯೂನಿಯನ್ ಇವೆಲ್ಲ ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವ ಪದಗಳು. ಇಷ್ಟಕ್ಕೂ ‘ಸಂಪು’ ಎಂಬುದನ್ನು ನೀವೆಲ್ಲರೂ ಆಕ್ಷೇಪವಿಲ್ಲದೆ ಬಳಸುತ್ತಿದ್ದೀರಿ. ಅದು ಇಂಗ್ಲಿಷು. ಪ್ರತಿ ಮನೆಯ ಅಂಗಳದ ಕೆಳಗೂ ಇರುವುದರಿಂದ ಯಾರಿಗೂ ಪರಕೀಯವೆನಿಸಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಇಳಿಯುವ ಪೈಪಿಗೆ ಎಲ್ಲಿಯೂ ವಾಲ್ವು ಹಾಕಬಾರದು. ಹಾಕಿದ್ದರೆ ಬೋರ್ಡಿಗಿಂತ ಮೊದಲು ಅದನ್ನು ತೆಗೆಸಿರಿ. ಹರಿವನ್ನು ಹಿಡಿತದಲ್ಲಿಡಬೇಕಾದದ್ದು ಒಳಬರುವ ಕವಲಿನಲ್ಲಿ ಮಾತ್ರ. ಕರೆಂಟು ಹೋದಾಗ ನೀರು ಹಿಂದಕ್ಕೆ ಹರಿಯದಿರಲೆಂದು ಎನ್‌ಆರ್‌ವಿ ನಂಬಿ ಕೂರುವವರಿದ್ದಾರೆ. ಉಪ್ಪುನೀರಿನಲ್ಲಿ ಅದರ ಬಾಯಿಗೆ ಉಪ್ಪೋ ಪಾಚಿಯೋ ಸಿಕ್ಕಿದರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಪಂಪಿನಿಂದ ಮೇಲಕ್ಕೆ ನೀರು ಮರಳುವ ಪೈಪಿಗೆ, ತೊಟ್ಟಿಯ ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ, ಸಣ್ಣದೊಂದು ತೂತು ಕೊರೆದಿದ್ದರೆ ಮಟ್ಟ ಅಲ್ಲಿಗಿಳಿದೊಡನೆ ಗಾಳಿ ಒಳಗೆಳೆದು ಹರಿವು ನಿಲ್ಲುತ್ತದೆ; ಆ ತೂತನ್ನು ಆಗಾಗ ಉಜ್ಜಿ ತೆರೆದಿಡಬೇಕು. ಅಷ್ಟರೊಳಗೆ ಎರಡೂ ತೊಟ್ಟಿಗಳಿಂದ ಇಳಿಯುವ ನೀರಿಗೆ ಸಂಪಿನಲ್ಲಿ ಖಾಲಿ ಜಾಗ ಇರಬೇಕು. ಮಡಿಕೇರಿಯ ಜುಲೈ ತಿಂಗಳಲ್ಲಿ ಕರೆಂಟು ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಗೋಣಿಕೊಪ್ಪಲಿನವರಿಗೆ: ಇಳಿಯುವ ಪೈಪಿನಲ್ಲಿ ವಾಲ್ವಿಲ್ಲ, ಮರಳುವ ಪೈಪಿನಲ್ಲಿ ತೂತು ಇದೆ, ಸಂಪನ್ನು ಅರ್ಧಕ್ಕಿಂತ ಮೇಲೆ ತುಂಬಿಸುವುದಿಲ್ಲ.

‘ಮಡು’ ನನಗೆ ಬಹಳ ಹಿಡಿಸಿತು, ಆದರೆ ಎರಡು ತೊಡಕುಗಳಿವೆ. ಮಡುವೆಂದರೆ ಆಳ, ನಮ್ಮ ತೊಟ್ಟಿ ಬೆಳಕು ತಳ ಮುಟ್ಟಲೆಂದು ಬೇಕೆಂದೇ ಆಳ ಕಡಿಮೆಯಿಟ್ಟದ್ದು. ಅಲ್ಲದೆ ಮಡುವಿನಲ್ಲಿ ಉಳಿಯುವುದು ದೊಡ್ಡ ಮೀನು, ಬೇಟೆಗಾರ. ಇಲ್ಲಿ ಉಳಿಯಬೇಕಾದದ್ದು ಬೇಟೆಯಾಗುವ ಜೀವಿ. ಅಧ್ಯಾಪಕರು ಹೇಳಿದ ವಿಭಕ್ತಿಯ ಮಾತು ಇಲ್ಲಿಗೂ ಅನ್ವಯಿಸುತ್ತದೆಯಲ್ಲವೇ?

‘ಕೋಡಿ’ಯನ್ನು ಪ್ರಯೋಗಿಸಿ ನೋಡಿದೆ. ನಮ್ಮ ಕೆಲಸದವರನ್ನು ಕರೆದು, ಏನನ್ನೂ ವಿವರಿಸದೆ, “ಇದರಲ್ಲಿ ಕೋಡಿ ಯಾವುದು?” ಎಂದು ಕೇಳಿದಾಗ ಅವರು ನೇರವಾಗಿ ಟ್ಯಾಂಕ್ ನಿಪ್ಪಲ್ ಇರುವ ಬದಿಯನ್ನೇ ತೋರಿಸಿದರು. ಹಾಗಾದರೆ ವಾಲ್ವಿಗೆ ‘ತೂಬು’ ಎನ್ನಬಹುದೇ ಎಂಬುದು ನನ್ನ ಹೊಸ ಪ್ರಶ್ನೆ. ಕೆರೆಯಲ್ಲಿ ಬೇಕಾದಷ್ಟು ನೀರು ಬಿಡಲು ತೆರೆದು ಮುಚ್ಚುವುದು ತೂಬನ್ನೇ.

ಉತ್ತರ, ಸೋಮವಾರಪೇಟೆಯಿಂದ

ಬೇಡ. ತೂಬು ಕೆರೆಯ ನೀರನ್ನು ಹೊರಬಿಡುವ ಬಾಯಿ, ನಿಮ್ಮ ವಾಲ್ವು ನೀರನ್ನು ಒಳಬಿಡುವಂಥದು. ಕೋಡಿಯ ಜೊತೆಗೆ ತೂಬೂ ಬಂದರೆ ಎರಡೂ ಹೊರಹೋಗುವ ದಾರಿಗಳೆಂದು ತಿಳಿದು ಓದುವವರು ಗೊಂದಲಕ್ಕೆ ಬೀಳುತ್ತಾರೆ. ಹ್ರಸ್ವ ದೀರ್ಘಗಳ ಬಗ್ಗೆ ಮೈಸೂರಿನವರಿಗೆ ಬೇರೆಯಾಗಿ ಬರೆಯುತ್ತೇನೆ.

ಉತ್ತರ, ವಿರಾಜಪೇಟೆಯಿಂದ

ಪೇಟೆಯ ಅಂಗಡಿಯಲ್ಲಿ ಸಿಗುವ ಹೆಸರೇ ಸಾಕೆಂದಾದರೆ ನಾವು ಪದಚರ್ಚೆ ಮಾಡುವುದೇಕೆ? ‘ಕೊಳವೆಬಾವಿ’ಯನ್ನು ಮೊದಲು ಬರೆದವರನ್ನೂ ಹೀಗೆಯೇ ನಕ್ಕಿರಬೇಕು, ಇಂದು ಪತ್ರಿಕೆಯಲ್ಲಿ, ಪಂಚಾಯಿತಿಯ ಕಡತದಲ್ಲಿ, ಜನರ ಬಾಯಲ್ಲಿ ಅದೇ ಇದೆ. ಎರವಲು ತರಬಾರದೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಇರುವಾಗ ತರಬಾರದೆನ್ನುತ್ತೇನೆ. ‘ಕವಾಟ’ವನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಿದ್ಧನಿದ್ದೇನೆ, ‘ಮರೆದೊಟ್ಟಿ’ಯನ್ನಲ್ಲ.

ಉತ್ತರ, ಮೈಸೂರಿನಿಂದ

‘ಕೊಳವೆಬಾವಿ’ಯಲ್ಲಿ ಕೊಳವೆಯೂ ಬಾವಿಯೂ ಜನರಿಗೆ ಮೊದಲೇ ಗೊತ್ತಿದ್ದವು. ‘ಮರೆದೊಟ್ಟಿ’ಯಲ್ಲಿ ಗೊತ್ತಿರುವ ತೊಟ್ಟಿಯನ್ನೂ ನಿಮ್ಮ ಸಂಧಿ ಮರೆಮಾಡಿದೆ.

ಪ್ರಶ್ನೆ ಕೇಳಿದವರಿಂದ

ಬೋರ್ಡು ಬರೆಯುವವರು ಒಂದು ದಿನ ಮೊದಲೇ ಬಂದದ್ದರಿಂದ ಇದ್ದುದರಲ್ಲಿ ತೀರ್ಮಾನಿಸಬೇಕಾಯಿತು. ಅತಿಥಿಗಳ ಬೋರ್ಡು ಹೀಗಿದೆ: “ಆಸರೆ ತೊಟ್ಟಿ. ಮೀನುಗಳಿಗೆ ಆಹಾರವಾಗುವ ಸಣ್ಣ ಜೀವಿಗಳು ಮೀನಿನಿಂದ ದೂರವಾಗಿ ಇಲ್ಲಿ ಬೆಳೆಯುತ್ತವೆ. ಇದರ ದೀಪ ರಾತ್ರಿ ಉರಿಯಬೇಕು, ದಯವಿಟ್ಟು ಆರಿಸಬೇಡಿ.” ಕೆಲಸದವರ ಬೋರ್ಡು ಹೀಗಿದೆ: “ಆಸರೆ ತೊಟ್ಟಿಯಲ್ಲಿ ನೀರು ಏರಿದರೆ ಮೊದಲು ಕೆಂಪು ಹಿಡಿಯ ವಾಲ್ವು ಮುಚ್ಚಿ. ಆಮೇಲೆ ಕೋಡಿಗೆ ಸಿಕ್ಕಿದ ಪಾಚಿ ತೆಗೆಯಿರಿ. ಕೋಡಿಯನ್ನು ಎಂದಿಗೂ ಮುಚ್ಚಬಾರದು.”

ಬರೆಯುವವರು ತಾವಾಗಿಯೇ ‘ಆಸರೆತೊಟ್ಟಿ’ ಎಂದು ಕೂಡಿಸಿ ಬರೆದಿದ್ದಾರೆ. ಬಣ್ಣ ಒಣಗಿರುವುದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಉತ್ತರ, ವಿರಾಜಪೇಟೆಯಿಂದ

ಕೂಡಿಸಿ ಬರೆದ ಮೇಲೆ ‘ಆಸರೆದೊಟ್ಟಿ’ ಆಗಬೇಕಿತ್ತು.