ಹಬ್ ನೋಡ್ ತೆಗೆದ್ರೆ ನೆಟ್‌ವರ್ಕ್ ಚೂರುಚೂರಾಗ್ತಿದೆ, ಏನ್ ಮಾಡ್ಲಿ?

ಎಂಟೆಕ್_ಪರದಾಟ:
ಎಲ್ರಿಗೂ ನಮಸ್ಕಾರ. ಕಾಫಿ ತೋಟದ ಮಣ್ಣಿನ ತೇವ ಅಳೆಯೋ ಸೆನ್ಸರ್ ನೆಟ್‌ವರ್ಕ್ ಸಿಮ್ಯುಲೇಶನ್ ಮಾಡ್ತಿದೀನಿ, 100 ನೋಡ್ (ಅಂದ್ರೆ ಸೆನ್ಸರ್), ಬರಾಬಾಶಿ-ಆಲ್ಬರ್ಟ್ ಮಾಡೆಲ್ (ಹೊಸ ನೋಡ್ ಬಂದಾಗ ಜಾಸ್ತಿ ಲಿಂಕ್ ಇರೋ ನೋಡ್‌ಗೇ ಹೆಚ್ಚಾಗಿ ಸೇರ್ಕೊಳ್ಳೋ ತರದ್ದು). ಯಾವುದೋ ಒಂದಷ್ಟು ನೋಡ್ ಸತ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ಆದ್ರೆ ಜಾಸ್ತಿ ಲಿಂಕ್ ಇರೋ ನೋಡ್‌ಗಳನ್ನೇ (ಹಬ್) ಹುಡುಕಿ ತೆಗೀತಾ ಹೋದ್ರೆ ಬೇಗ ಚೆಲ್ಲಾಪಿಲ್ಲಿ. ಲಿಂಕ್ ಜಾಸ್ತಿ ಮಾಡ್ಬೇಡ, ಬ್ಯಾಟರಿ ತಿನ್ನುತ್ತೆ ಅಂತಾರೆ ಗೈಡ್. ಬೇರೆ ದಾರಿ ಇದ್ಯಾ?

ಗ್ರಾಫ್_ಗುಂಡ:
ನಿನ್ನ ಮಾಡೆಲ್ ಸ್ಕೇಲ್-ಫ್ರೀ, ಅಂದ್ರೆ ಕೆಲವೇ ಹಬ್‌ಗೆ ತುಂಬಾ ಲಿಂಕ್, ಉಳಿದವಕ್ಕೆ ಕಮ್ಮಿ. ಹಾಗಂದ್ಮೇಲೆ ಅದು ಇದ್ದಿದ್ದೇ ಗುರು, 2000ದಲ್ಲೇ ನೇಚರ್ ಜರ್ನಲ್‌ನಲ್ಲಿ ಬಂದಿದೆ. ಲಿಂಕ್ ಸೇರಿಸ್ದೇ ಅದಲುಬದಲು (ಸ್ವಾಪ್) ಮಾಡು. ಎ-ಬಿ, ಸಿ-ಡಿ ಲಿಂಕ್ ಕಿತ್ತು ಎ-ಸಿ, ಬಿ-ಡಿ ಹಾಕು, ಯಾರ ಡಿಗ್ರೀನೂ (ಲಿಂಕ್ ಎಣಿಕೆ) ಬದಲಾಗಲ್ಲ. ಆಮೇಲೆ ದೊಡ್ಡ ಹಬ್‌ನಿಂದ ಶುರು ಮಾಡಿ ಒಂದೊಂದೇ ನೋಡ್ ತೆಗೀತಾ, ಪ್ರತಿ ಸಲ ಉಳಿದ ಅತಿ ದೊಡ್ಡ ತುಂಡು ಒಟ್ಟು ನೋಡ್‌ಗಳಲ್ಲಿ ಎಷ್ಟು ಪಾಲು ಅಂತ ನೋಡಿ ಸರಾಸರಿ ತೆಗಿ, ನೆಟ್‌ವರ್ಕ್ ಎಷ್ಟು ಗಟ್ಟಿ ಅನ್ನೋ ಅಳತೆ ಅದೇ, ಹೆಸರು ಆರ್, 0.5 ದಾಟಲ್ಲ. ಆರ್ ಏರಿದ್ರೆ ಬದಲಾವಣೆ ಇಟ್ಕೋ, ಇಲ್ಲಾಂದ್ರೆ ವಾಪಸ್. ಹೀಗೇ ಮಾಡ್ತಾ ಹೋದ್ರೆ ಸಮಾನ ಡಿಗ್ರಿ ನೋಡ್‌ಗಳು ಪರಸ್ಪರ ಸೇರಿ ಈರುಳ್ಳಿ ಪದರದ ತರ ಆಗುತ್ತೆ, 2011ರ ಪೇಪರಲ್ಲಿ ಅದಕ್ಕೆ ಹೆಸರೇ ಆನಿಯನ್. ಮಧ್ಯದಲ್ಲಿ ಸಿಕ್ಕಾಕೊಂಡ್ರೆ ಸಿಮ್ಯುಲೇಟೆಡ್ ಅನೀಲಿಂಗ್ ಹಾಕು (ಆಗಾಗ ಆರ್ ಇಳಿಸೋ ಬದಲಾವಣೇನೂ ಒಪ್ಕೊಂಡು ಮುಂದೆ ಹೋಗೋ ವಿಧಾನ).

ತೋಟದ_ರೇಡಿಯೋ:
ಪೇಪರಲ್ಲಿ ಚೆನ್ನಾಗಿದೆ. ಆದ್ರೆ ಎ-ಸಿ ಮಧ್ಯೆ ಸಿಗ್ನಲ್ ಹೋಗ್ಬೇಕಲ್ಲ ಸ್ವಾಮಿ! ಸಿಲ್ವರ್ ಓಕ್, ಅದಕ್ಕೆ ಹಬ್ಬಿರೋ ಮೆಣಸಿನ ಬಳ್ಳಿ, ಮಳೆಗಾಲದಲ್ಲಿ ಒದ್ದೆ ಎಲೆ, 2.4 ಗಿಗಾಹರ್ಟ್ಜ್ ಅಲ್ಲೇ ಸೊರಗಿಹೋಗುತ್ತೆ. ಆಗೋದಾದ್ರೆ 865-867 ಮೆಗಾಹರ್ಟ್ಜ್‌ಗೆ ಬನ್ನಿ, ನಮ್ಮಲ್ಲಿ ಲೈಸೆನ್ಸ್ ಬೇಡ. ಇನ್ನೊಂದು, ತೋಟದಲ್ಲಿ ಹಬ್ ಮೇಲೆ ಅಟ್ಯಾಕ್ ಮಾಡೋರು ಯಾರೂ ಬರಲ್ಲ, ಸಿಂಕ್ (ಎಲ್ಲ ಡೇಟಾ ಬಂದು ಸೇರೋ ಜಾಗ) ಪಕ್ಕದ ನೋಡ್ ಊರಿನೋರ ಪ್ಯಾಕೆಟ್ಟನ್ನೆಲ್ಲ ಹೊತ್ತು ಹೊತ್ತು ತಾನೇ ಬ್ಯಾಟರಿ ಮುಗಿದು ಮೊದ್ಲು ಸಾಯುತ್ತೆ. ಅದನ್ನೂ ಮಾಡೆಲ್‌ಗೆ ಸೇರ್ಸಿ, ಎರಡನೇ ಸಿಂಕ್ ಇಟ್ಟು ನೋಡಿ. ಯಾವ ಒಂದು ನೋಡ್ ಹೋದ್ರೆ ಗ್ರಾಫ್ ಎರಡಾಗುತ್ತೆ ಅನ್ನೋದು ಟಾರ್ಜನ್ ಅಲ್ಗಾರಿದಮ್‌ನಲ್ಲಿ ಒಂದೇ ಡಿಎಫ್‌ಎಸ್‌ಗೆ (ಗ್ರಾಫ್‌ನಲ್ಲಿ ಒಂದು ದಾರಿ ಹಿಡಿದು ಕೊನೇವರೆಗೂ ಹೋಗಿ ವಾಪಸ್ ಬರ್ತಾ ಸುತ್ತೋದು) ಸಿಗುತ್ತೆ, ಅಂಥ ಜಾಗದಲ್ಲಿ ರಿಲೇ (ಸಿಗ್ನಲ್ ಮುಂದಕ್ಕೆ ದಾಟಿಸೋ ನೋಡ್) ಹಾಕಿ.

ಎಂಟೆಕ್_ಪರದಾಟ:
ಇಬ್ರಿಗೂ ಥ್ಯಾಂಕ್ಸ್. ರೇಂಜ್ ಕಂಡೀಶನ್ ಹಾಕಿದ್ಮೇಲೆ ಸ್ವಾಪ್ ಬಹಳಷ್ಟು ರಿಜೆಕ್ಟ್ ಆಗ್ತಿವೆ ಸರ್ 😅

ಗ್ರಾಫ್_ಗುಂಡ:
ಆಗ್ಲೇಬೇಕು, ನೀನು ನೆಟ್‌ವರ್ಕ್ ಕಟ್ಟುವಾಗ್ಲೇ ರೇಂಜ್ ನೋಡಿಲ್ಲ. ಹೊಸ ನೋಡ್ ರೇಂಜ್ ಒಳಗಿನ ನೋಡ್‌ಗಳಿಗೆ ಮಾತ್ರ ಸೇರ್ಲಿ, ಡಿಗ್ರಿಗೂ ಒಂದು ಮಿತಿ ಹಾಕು, ಆಮೇಲೆ ಸ್ವಾಪ್ ಮಾಡು.