ಮೆಮೊರಿ ಚಿಪ್ಪಿನ ‘ಸ್ಪೇರ್’ ಸಾಲು: ಹೆಚ್ಚುವರಿಯೋ, ಮೀಸಲೋ, ಬದಲಿಯೋ?

ಗೆಳೆಯರೇ,

ಡಿಪ್ಲೊಮಾ ಓದುವ ಮಕ್ಕಳಿಗೆ ಮೆಮೊರಿ ಚಿಪ್ ರಿಪೇರಿಯ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ‘ಸ್ಪೇರ್’ ಅನ್ನುವ ಒಂದೇ ಪದದ ಹತ್ತಿರ ಎರಡು ವಾರದಿಂದ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನ ಮೆಮೊರಿ ಚಿಪ್ಪನ್ನು ದೊಡ್ಡದೊಂದು ಚೌಕಾಬಾರದ ಹಾಗೆ ಊಹಿಸಿಕೊಳ್ಳಿ. ಕೋಟಿಗಟ್ಟಲೆ ಮನೆಗಳು. ಒಂದೊಂದು ಮನೆಯಲ್ಲಿ ಒಂದು ಬಿಟ್, ಅಂದರೆ ಒಂದು ಸೊನ್ನೆ ಅಥವಾ ಒಂದು. (‘ಕೋಶ’ಕ್ಕಿಂತ ‘ಮನೆ’ ನನಗೆ ಇಷ್ಟ. ಆಟ ಆಡಿದ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.) ಇಷ್ಟು ಮನೆಗಳಲ್ಲಿ ಒಂದೂ ಕೆಡಬಾರದು ಅಂದರೆ ಆಗದ ಮಾತು. ಅದಕ್ಕೇ ತಯಾರಿಸುವಾಗಲೇ ಕೆಲವು ಸಾಲುಗಳನ್ನು ಜಾಸ್ತಿ ಹಾಕಿರುತ್ತಾರೆ. ಪರೀಕ್ಷೆಯಲ್ಲಿ ಕೆಟ್ಟ ಮನೆ ಸಿಕ್ಕರೆ ಲೇಸರಿನಿಂದಲೋ ವಿದ್ಯುತ್ತಿನಿಂದಲೋ ಸಣ್ಣ ಫ್ಯೂಸುಗಳನ್ನು ಸುಡುತ್ತಾರೆ. ಅಲ್ಲಿಂದ ಮುಂದೆ ಆ ಸಾಲಿನ ವಿಳಾಸಕ್ಕೆ ಬಂದದ್ದೆಲ್ಲ ಹೊಸ ಸಾಲಿಗೆ ಹೋಗುತ್ತದೆ. 1979ರಲ್ಲೇ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು 64 ಕಿಲೋಬಿಟ್ ಚಿಪ್ಪಿನಲ್ಲಿ ಇದನ್ನು ಮಾಡಿ ತೋರಿಸಿದ್ದರು.

ಗಣಿತದ ಪಾಠದಲ್ಲಿರುವ ಅಡ್ಡಸಾಲು, ಕಂಬಸಾಲು ಇಲ್ಲಿಗೂ ಸರಿಹೋಗುತ್ತವೆ. ಅದರಲ್ಲಿ ತಕರಾರಿಲ್ಲ.

ಈಗ ‘ಸ್ಪೇರ್’. ಮೊದಲು ‘ಹೆಚ್ಚುವರಿ ಸಾಲು’ ಅಂತ ಬರೆದೆ. ಓದಿದ ಹುಡುಗಿಯೊಬ್ಬಳು, “ಹಾಗಾದರೆ ಚಿಪ್ಪಿನಲ್ಲಿ ಜಾಗ ಜಾಸ್ತಿ ಸಿಗುತ್ತಾ ಸಾರ್?” ಅಂತ ಕೇಳಿದಳು. ಅವಳು ಕೇಳಿದ್ದು ಸರಿಯಾಗಿದೆ. ಜಾತ್ರೆಗೆ ಬಿಡುವ ಹೆಚ್ಚುವರಿ ಬಸ್ಸು ಉಳಿದ ಬಸ್ಸುಗಳ ಜೊತೆಗೇ ಓಡುತ್ತದೆ. ಇಲ್ಲಿ ಹಾಗಲ್ಲ. ಈ ಸಾಲು ಸುಮ್ನೆ ಕಾಯುತ್ತಿರುತ್ತದೆ, ಬೇರೊಂದು ಕೆಟ್ಟರೆ ಮಾತ್ರ ಕೆಲಸಕ್ಕೆ ಇಳಿಯುತ್ತದೆ.

ಡ್ರೈವರುಗಳ ‘ಸ್ಟೆಪ್ನಿ’ ನೆನಪಾಯಿತು. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಶುರುವಾದ ಚಕ್ರದ ಹೆಸರು ನಮ್ಮ ಹಳ್ಳಿಗಳವರೆಗೂ ಬಂದು ಬೇರೂರಿದೆ, ನೋಡಿ. ಆದರೆ ಪಂಕ್ಚರ್ ಹಾಕಿಸಿದ ಮೇಲೆ ಹಳೇ ಟೈರು ವಾಪಸ್ಸು ಬರುತ್ತದೆ, ಸ್ಟೆಪ್ನಿ ಡಿಕ್ಕಿಗೆ ಹೋಗುತ್ತದೆ. ಚಿಪ್ಪಿನಲ್ಲಿ ಸುಟ್ಟ ಫ್ಯೂಸು ಸುಟ್ಟದ್ದೇ. ಬಿಟ್ಟ ಸಾಲು ಮತ್ತೆ ಬರುವುದಿಲ್ಲ.

‘ಮೀಸಲು’ ಅನ್ನೋಣವೇ? ದೇವರಿಗೆ ಮೀಸಲು, ಮಹಿಳೆಯರಿಗೆ ಮೀಸಲು ಅಂದಾಗ ಇಂಥವರಿಗೆ ಅಂತ ಗೊತ್ತಿರುತ್ತದೆ. ಇಲ್ಲಿ ಯಾವ ಸಾಲು ಕೆಡುತ್ತದೋ ಮೊದಲೇ ಗೊತ್ತಿಲ್ಲ. ಆದರೆ ಮೀಸಲು ಪೊಲೀಸ್ ಪಡೆ ಇದೆ ಅಲ್ವಾ? ಕರೆ ಬಂದ ಕಡೆ ಹೋಗುವ ಪಡೆ ಅದು. ಆ ಅರ್ಥ ಇಲ್ಲಿ ಚೆನ್ನಾಗಿ ಕೂರುತ್ತದೆ. ಕೆಲಸಕ್ಕೆ ಇಳಿದ ಮೇಲೆ ಅದು ಮೀಸಲಲ್ಲ, ‘ಬದಲಿ’. ಹೀಗೆ ಕಾಯುವಾಗ ಮೀಸಲು ಸಾಲು, ಕೆಟ್ಟದ್ದರ ಜಾಗಕ್ಕೆ ಬಂದ ಮೇಲೆ ಬದಲಿ ಸಾಲು ಅಂತ ಎರಡು ಪದ ಇಟ್ಟುಕೊಂಡರೆ ಹೇಗೆ? ಇಂಗ್ಲಿಷಿನಲ್ಲಿ ಒಂದೇ ಪದ ಇದೆ ಅಂತ ನಾವೂ ಒಂದಕ್ಕೇ ಅಂಟಿಕೊಳ್ಳಬೇಕಿಲ್ಲ ಅನ್ನುವುದು ನನ್ನ ಅನಿಸಿಕೆ.

‘ರಿಪೇರಿ’ ಪದಕ್ಕೂ ಒಬ್ಬರು ಆಕ್ಷೇಪ ಎತ್ತಿದರು. ಕೆಟ್ಟ ಮನೆ ಸರಿಯಾಗುವುದೇ ಇಲ್ಲವಲ್ಲ ಅಂದರು. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ತೆಗೆದು ಬೇರೆ ಹಾಕಿದರೆ ನಾವು ಮಾಡು ರಿಪೇರಿ ಆಯಿತು ಅನ್ನುತ್ತೇವೆ. ಹೆಂಚು ಬದಲಿ, ಮಾಡು ರಿಪೇರಿ. ಇಲ್ಲೂ ಸಾಲು ಬದಲಿ, ಚಿಪ್ಪು ರಿಪೇರಿ.

ಎರಡನೇ ಪ್ರಶ್ನೆ ಲೆಕ್ಕದ್ದು. ಎರಡು ಅಡ್ಡಸಾಲು, ಎರಡು ಕಂಬಸಾಲು ಮೀಸಲಿವೆ ಅನ್ನಿ. ಒಂದು ಅಡ್ಡಸಾಲಿನಲ್ಲಿ ಮೂರು ಮನೆ ಕೆಟ್ಟಿವೆ. ಅವನ್ನು ಕಂಬಸಾಲುಗಳಿಂದ ಮುಚ್ಚಲು ಮೂರು ಬೇಕು, ಇರುವುದು ಎರಡೇ. ಹಾಗಾಗಿ ಆ ಅಡ್ಡಸಾಲನ್ನೇ ಬದಲಿಸಬೇಕು. ಈಗ ಅಡ್ಡಸಾಲು ಒಂದೇ ಉಳಿಯಿತು. ಉಳಿದ ಕಡೆ ಒಂದು ಕಂಬಸಾಲಿನಲ್ಲಿ ಎರಡು ಮನೆ ಕೆಟ್ಟಿದ್ದರೆ, ಮೊದಲು ಆಯ್ಕೆಯಿದ್ದ ಆ ಕಂಬಸಾಲಿಗೂ ಈಗ ಬೇರೆ ದಾರಿಯಿಲ್ಲ. ಒಂದು ಇನ್ನೊಂದನ್ನು ಎಳೆದುಕೊಂಡು ಬರುವ ಈ ಗುಣ ನನಗೆ ತುಂಬಾ ಇಷ್ಟ. ಇದಕ್ಕೆ ‘ಕಡ್ಡಾಯ ಬದಲಿ’ ಅಂತ ಬರೆದು ಹೊಡೆದುಹಾಕಿದೆ. ಹೆಲ್ಮೆಟ್ ಕಡ್ಡಾಯ ಅಂದರೆ ಯಾರೋ ಆಜ್ಞೆ ಮಾಡಿದ್ದಾರೆ ಅಂತ. ಇಲ್ಲಿ ಆಜ್ಞೆಯಿಲ್ಲ, ಲೆಕ್ಕವೇ ಬೇರೆ ದಾರಿ ಬಿಟ್ಟಿಲ್ಲ. ‘ಅನಿವಾರ್ಯ ಬದಲಿ’ ಸರಿ ಅಲ್ವಾ?

ಅನಿವಾರ್ಯದವು ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಚದುರಿದ ಕೆಟ್ಟ ಮನೆಗಳು ಉಳಿಯುತ್ತವೆ. ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿ. ಒಂದೊಂದಕ್ಕೂ ಅಡ್ಡಸಾಲೋ ಕಂಬಸಾಲೋ ಅಂತ ಆರಿಸಬೇಕು. ಎರಡಕ್ಕೂ ಬೇರೆ ಬೇರೆ ಮಿತಿ. ಈ ಸಮಸ್ಯೆ ಎನ್‌ಪಿ-ಕಂಪ್ಲೀಟ್ ಎಂದು 1987ರಲ್ಲಿ ಕುವೊ ಮತ್ತು ಫುಕ್ಸ್ ಎಂಬ ಸಂಶೋಧಕರು ತೋರಿಸಿದರು. ಅಂದರೆ, ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ವಿಧಾನ ಇವತ್ತಿಗೂ ಸಿಗದ ಸಮಸ್ಯೆಗಳ ಗುಂಪಿಗೆ ಇದೂ ಸೇರುತ್ತದೆ. ಈ ‘ಎನ್‌ಪಿ-ಕಂಪ್ಲೀಟ್’ ಅನ್ನು ಹಾಗೇ ಇಡುತ್ತೇನೆ.

ಕೊನೆಗೊಂದು ಪ್ರಶ್ನೆ, ನೇಕಾರರ ಮನೆಯವರಿಗೆ. ಚಿಪ್ಪಿನ ಒಳಗಿನ ತಂತಿಗಳು ಹಾಸು ಹೊಕ್ಕಿನ ಹಾಗೇ ಇವೆ. ಹಾಸಿನ ಎಳೆ ಕಡಿದರೆ ಜೋಡಿಸಲು ಮಗ್ಗದ ಪಕ್ಕದಲ್ಲಿ ಇಟ್ಟುಕೊಳ್ಳುವ ನೂಲಿಗೆ ನಿಮ್ಮಲ್ಲಿ ಹೆಸರಿದೆಯೇ? ಇಳಕಲ್ ಕಡೆಯದಾಗಲಿ, ಮೊಳಕಾಲ್ಮೂರು ಕಡೆಯದಾಗಲಿ, ಮನೆಯಲ್ಲಿ ಅನ್ನುವ ಹಾಗೇ ಬರೆದು ತಿಳಿಸಿ. ‘ಮೀಸಲು’ ಅಂತ ಅಚ್ಚಿಗೆ ಕೊಡುವ ಮುಂಚೆ ಆ ಪದವನ್ನೊಮ್ಮೆ ಕೇಳಬೇಕು ಅನ್ನಿಸಿದೆ.