ರೋಮ್ ನಗರದ ನೀರಿನ ಲೆಕ್ಕ: ಒಂದು ಕ್ವಿನಾರಿಯಾ ಅಂದರೆ ಎಷ್ಟು ಲೀಟರ್?

ಕಲ್ಲುಕಮಾನು ಕೇಳಿದ್ದು:

ರೋಮಿನ ನೀರುಕಾಲುವೆಗಳ ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಕ್ರಿ.ಶ. 97ರಲ್ಲಿ ನೀರು ಸರಬರಾಜಿನ ಮುಖ್ಯಸ್ಥನಾದ ಫ್ರಾಂಟಿನಸ್, ನಗರದ ಒಳಗೂ ಹೊರಗೂ ಸೇರಿ 14,018 ಕ್ವಿನಾರಿಯಾ ಹಂಚಿಕೆಯಾಗುತ್ತಿತ್ತು ಅಂತ ಬರೆದಿಟ್ಟಿದ್ದಾನೆ. ಇದನ್ನು ಲೀಟರಿಗೆ ಇಳಿಸಿದವರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ, ಕೆಲವರದು ಉಳಿದವರದಕ್ಕಿಂತ ಎರಡು ಪಟ್ಟು. ಯಾವುದನ್ನು ನಂಬಬೇಕು? ಇನ್ನೊಂದು: ಅವನ ಪ್ರಕಾರ ದಫ್ತರಿನಲ್ಲಿ ಬಂದ ನೀರು 12,755, ಕೊಟ್ಟ ನೀರು 14,018. ಬಂದದ್ದಕ್ಕಿಂತ ಹೆಚ್ಚು ಕೊಡೋದು ಹೇಗೆ?

ತೂಬುಲೆಕ್ಕ:

ಲೀಟರಿಗೆ ಇಳಿಸುವ ಒಂದೇ ಸೂತ್ರ ಸಿಗುವುದಿಲ್ಲ, ಯಾಕೆಂದರೆ ಕ್ವಿನಾರಿಯಾ ಅನ್ನುವುದು ತೂತಿನ ಅಳತೆ. ಒಂದೂಕಾಲು ಡಿಜಿಟಸ್ ವ್ಯಾಸದ ಕೊಳವೆ, ಅಷ್ಟೇ. ರೋಮನ್ ಅಡಿ ಸುಮಾರು 29.6 ಸೆಂ.ಮೀ., ಅದರ 16ನೇ ಒಂದು ಭಾಗ ಡಿಜಿಟಸ್. ಹಾಗಾಗಿ ವ್ಯಾಸ 2.3 ಸೆಂ.ಮೀ., ಬಾಯಿಯ ವಿಸ್ತೀರ್ಣ 4.2 ಚದರ ಸೆಂ.ಮೀ. ಆ ಬಾಯಿಂದ ಎಷ್ಟು ನೀರು ಬೀಳುತ್ತದೆ ಅನ್ನುವುದು ಅದರ ಮೇಲೆ ಎಷ್ಟು ನೀರು ನಿಂತಿದೆ ಅನ್ನುವುದರ ಮೇಲೆ ಹೋಗುತ್ತದೆ.

ನೀವೇ ಹಾಕಿ ನೋಡಿ. ತೂಬಿನ ನಡುಮಧ್ಯದಿಂದ ಮೇಲೆ 12 ಸೆಂ.ಮೀ. ನೀರಿದ್ದರೆ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಗಿಡ್ಡ ಕೊಳವೆಯ ನಷ್ಟಕ್ಕೆ ಕಾಲು ಭಾಗ ಕಳೆದರೆ ಸೆಕೆಂಡಿಗೆ ಅರ್ಧ ಲೀಟರಿನ ಹತ್ತಿರ, ದಿನಕ್ಕೆ ಸುಮಾರು 41,000 ಲೀಟರ್. ಅದೇ ತೂಬಿನ ಮೇಲೆ 3 ಸೆಂ.ಮೀ. ಮಾತ್ರ ಇದ್ದರೆ ಸರಿಯಾಗಿ ಅರ್ಧ. ಮೊದಲನೆಯದನ್ನು ಹಿಡಿದರೆ ನಗರಕ್ಕೆ ದಿನಕ್ಕೆ 57 ಕೋಟಿ ಲೀಟರ್, ಎರಡನೆಯದಕ್ಕೆ 28 ಕೋಟಿ ಚಿಲ್ಲರೆ. ನೀವು ಕಂಡ ಎರಡು ಪಟ್ಟಿನ ವ್ಯತ್ಯಾಸ ಹೀಗೆಯೇ ಹುಟ್ಟುತ್ತದೆ. 12 ಸೆಂ.ಮೀ. ಅನ್ನುವುದು ಈಗಿನವರ ಊಹೆ, ಫ್ರಾಂಟಿನಸ್ ಹೇಳಿದ್ದಲ್ಲ. ದಿನಕ್ಕೆ ಇಷ್ಟೇ ಲೀಟರ್ ಅಂತ ಖಡಾಖಂಡಿತವಾಗಿ ಬರೆದಿರುವ ಕಡೆ, ಎಷ್ಟು ಎತ್ತರ ಹಿಡಿದಿದ್ದಾರೆ ಅಂತ ಮೊದಲು ನೋಡಿ.

ಸೀಸದಕೊಳವೆ:

ಮೇಲಿನದಕ್ಕೆ ಪೂರಕ. ರೋಮನ್ನರಿಗೆ ಈ ತೊಂದರೆ ತಿಳಿದೇ ಇರಲಿಲ್ಲ ಅಂದುಕೊಳ್ಳಬೇಡಿ. ತೂಬು ಕೂರಿಸುವ ನಿಯಮಗಳನ್ನು ನೋಡಿದರೆ ಗೊತ್ತಾಗುತ್ತದೆ.

ಹಂಚಿಕೆ ತೊಟ್ಟಿಗೆ ಹಾಕುತ್ತಿದ್ದ ತೂಬು ಕಂಚಿನದು. ಸೀಸವಾದರೆ ಬಡಿದು ಹಿಗ್ಗಿಸಬಹುದು, ಕುಗ್ಗಿಸಬಹುದು. ಕಂಚು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಉದ್ದ 12 ಡಿಜಿಟಸ್‌ಗಿಂತ, ಅಂದರೆ 22 ಸೆಂ.ಮೀ.ಗಿಂತ, ಕಡಿಮೆ ಇರಬಾರದು. ಅಳತೆ ನೋಡಿ ಮುದ್ರೆ ಒತ್ತಬೇಕು. ಒಂದೇ ತೊಟ್ಟಿಯ ತೂಬುಗಳೆಲ್ಲ ಒಂದೇ ಮಟ್ಟದಲ್ಲಿರಬೇಕು, ಏಕೆಂದರೆ ಕೆಳಗಿರುವುದು ಹೆಚ್ಚು ಎಳೆಯುತ್ತದೆ. ಹರಿವಿಗೆ ಎದುರಾಗಿ ಇಳಿಜಾರು ಕೊಟ್ಟು ಕೂರಿಸಿದರೆ ಪಾಲಿಗಿಂತ ಹೆಚ್ಚು, ಪಕ್ಕಕ್ಕೆ ತಿರುಗಿಸಿ ಬಾಯಿ ಮೇಲೆತ್ತಿದರೆ ಕಡಿಮೆ.

ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶ ತೂಬಿನ ಆಚೆಗಿನ 50 ಅಡಿ. ಅಷ್ಟು ದೂರ ಅದೇ ಅಗಲದ ಕೊಳವೆ ಹೋಗಬೇಕು. ತೂಬು ಸರಿಯಾಗಿದ್ದರೂ ಅದರ ಬೆನ್ನಿಗೇ ಅಗಲದ ಕೊಳವೆ ಸೇರಿಸಿದರೆ ತೂಬಿನೊಳಗೆ ಒತ್ತಡ ಇಳಿದು ಹೆಚ್ಚು ನೀರು ಬರುತ್ತದೆ. ಸೂತ್ರ ಬರೆದುಕೊಳ್ಳದೆ ಅನುಭವದಿಂದಲೇ ಇಲ್ಲಿಗೆ ಬಂದಿದ್ದಾರೆ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ದಫ್ತರ:

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. 12,755 ಹಳೇ ಕಡತದ ಅಂಕಿ. ಫ್ರಾಂಟಿನಸ್‌ಗೂ ನಿಮ್ಮದೇ ಅನುಮಾನ ಬಂದು, ಕಾಲುವೆಗಳು ಶುರುವಾಗುವ ಕಡೆಗೇ ಹೋಗಿ ಅಳೆಸಿದ. ಕಡತಕ್ಕಿಂತ ಸುಮಾರು 10,000 ಕ್ವಿನಾರಿಯಾ ಜಾಸ್ತಿ ಕಂಡಿತು. ಮಾರ್ಸಿಯಾ ಕಾಲುವೆಯೊಂದನ್ನೇ ತೆಗೆದುಕೊಳ್ಳಿ: ಕಡತದಲ್ಲಿ 2,162, ಕಾಲುವೆ ಶುರುವಾಗುವಲ್ಲಿ 4,690.

ಹೆಚ್ಚಿನ ಪಾಲು ಕಳ್ಳತನ ಅಂತ ಅವನ ತೀರ್ಮಾನ. ಅದನ್ನು ಪೂರ್ತಿ ಒಪ್ಪಲಾಗದು. ವೇಗವಾಗಿ ಹರಿಯುವ ನೀರು ಅಳತೆಯನ್ನು ಹಿಗ್ಗಿಸುತ್ತದೆ ಅಂತ ಅವನೇ ಬರೆದಿದ್ದಾನೆ, ಆದರೆ ಆ ವೇಗವನ್ನು ಲೆಕ್ಕಕ್ಕೆ ಸೇರಿಸಲು ಅವನ ಬಳಿ ದಾರಿ ಇರಲಿಲ್ಲ. ಅಗಲ, ಆಳ ಗುಣಿಸಿ ನಿಲ್ಲಿಸಿದ. ವಾಟ ಬೇರೆ ಬೇರೆ ಇರುವ ಎರಡು ಕಡೆ ಹಾಗೆ ಅಳೆದರೆ, ಒಂದು ಹನಿ ಕಳುವಾಗದಿದ್ದರೂ ಅಂಕಿ ಕೂಡಿಬರುವುದಿಲ್ಲ.

ಹಾಗಂತ ನೀರುಗಂಟಿಗಳು ಸಾಚಾ ಅಲ್ಲ. ಅವರ ಕೈಚಳಕ ನೋಡಿ. 20, 100 ಅನ್ನುವುದು ಕೊಳವೆಗಳ ಹೆಸರು, ಕ್ವಿನಾರಿಯಾದ ಎಣಿಕೆಯಲ್ಲ. 20ರ ಕೊಳವೆಯಲ್ಲಿ 16 ಕ್ವಿನಾರಿಯಾ ಹೋಗಬೇಕು. ವ್ಯಾಸದಲ್ಲಿ ಅರ್ಧ ಡಿಜಿಟಸ್ ಕಡಿಮೆ ಮಾಡಿ 13ಕ್ಕೆ ಇಳಿಸಿದರು. 100ರ ಕೊಳವೆ 81 ಹಿಡಿಯಬೇಕು. ಹಿಗ್ಗಿಸಿ 92 ಮಾಡಿದರು. ಇಸಿದುಕೊಳ್ಳುವುದು ದೊಡ್ಡದರಲ್ಲಿ, ಕೊಡುವುದು ಚಿಕ್ಕದರಲ್ಲಿ. ಹೆಸರಿನ ಪ್ರಕಾರ ಒಂದು ನೂರಕ್ಕೆ ಐದು ಇಪ್ಪತ್ತು ಸಮ. ಬಂದದ್ದು 92, ಹೋದದ್ದು ಐದು ಹದಿಮೂರು 65, ಉಳಿದ 27 ಜೇಬಿಗೆ. ಕೊಳವೆಯ ಹೆಸರು ಓದಿ ಸಹಿ ಹಾಕುವ ಅಧಿಕಾರಿಗೆ ಇದು ಎಲ್ಲಿ ಕಾಣಬೇಕು?

ಕಲ್ಲುಕಮಾನು:

ಧನ್ಯವಾದ, ಈಗ ಸ್ಪಷ್ಟವಾಯಿತು. ಆ 27ನ್ನು ಮಾರುತ್ತಿದ್ದದ್ದು ಯಾರಿಗೆ? ಸಾಮಾನ್ಯ ಮನೆಗಳಿಗೆ ಕೊಳಾಯಿ ಇರಲಿಲ್ಲವಲ್ಲ?

ಸೀಸದಕೊಳವೆ:

ಮನೆಗೆ ನೀರು ಎಳೆದುಕೊಳ್ಳಲು ಚಕ್ರವರ್ತಿಯ ಅಪ್ಪಣೆ ಪತ್ರ ಬೇಕು, ಉಳಿದವರು ಬೀದಿತೊಟ್ಟಿಯಿಂದ ಹೊರಬೇಕು. ಅಪ್ಪಣೆ ಮನುಷ್ಯನಿಗೆ, ಆಸ್ತಿಗಲ್ಲ. ಮಗನಿಗಾಗಲಿ ಮನೆ ಕೊಂಡವನಿಗಾಗಲಿ ತಾನಾಗಿ ದಾಟುವುದಿಲ್ಲ. ಹೊಸಬನಿಗೆ ಅಪ್ಪಣೆ ಸಿಕ್ಕಾಗ ತೊಟ್ಟಿಗೆ ಹೊಸ ತೂತು ಕೊರೆಯುತ್ತಿದ್ದರು, ಹಳೆಯದನ್ನು ಮುಚ್ಚದೆ ಅದರ ನೀರು ಮಾರಿಕೊಳ್ಳುತ್ತಿದ್ದರು. ಗಿರಾಕಿಗಳಲ್ಲಿ ಬೀದಿಬದಿಯ ವ್ಯಾಪಾರಿಗಳೂ ಇದ್ದರು: ಕಲ್ಲುಹಾಸಿನ ಕೆಳಗೆ ಓಡುವ ಸಾರ್ವಜನಿಕ ಕೊಳವೆಗೆ ಅಲ್ಲಲ್ಲಿ ತೂತು ಹಾಕಿ ಗುಟ್ಟಾಗಿ ಕವಲು ಎಳೆದುಕೊಡುತ್ತಿದ್ದರು. ಈ ಕೆಲಸಕ್ಕೇ ಒಬ್ಬ ಆಸಾಮಿ ಇರುತ್ತಿದ್ದ. ಫ್ರಾಂಟಿನಸ್ ಈ ಕವಲುಗಳನ್ನು ಕೀಳಿಸಿದ. ಕಿತ್ತಾಗ ಸಿಕ್ಕ ಸೀಸದ ರಾಶಿಯಿಂದಲೇ ಕಳುವಿನ ಪ್ರಮಾಣ ಊಹಿಸಿಕೊಳ್ಳಿ ಅಂದಿದ್ದಾನೆ.